ಬಲಗಿವಿಯ ಗುರುತು

ಏಪ್ರಿಲ್ 6, ಭಾನುವಾರ

ಸಂಜೆ ಏಳು ಗಂಟೆ. ಇವತ್ತು ಸಂಕೇಶ್ವರ ಬಿಟ್ಟು ಮಮದಾಪುರಕ್ಕೆ ಬಂದೆ. ಹುಕ್ಕೇರಿಯಲ್ಲಿ ಇಳಿದು ಒಂದು ಬಸ್ಸು, ಗೋಕಾಕದಲ್ಲಿ ಇಳಿದು ಇನ್ನೊಂದು. ಕರೆಯಲು ಅವ್ವನ ಅಪ್ಪ ಬಂದಿದ್ದರು. ಹೊಳೆಪ್ಪ ಅಂತ ಹೆಸರು. ಅವರನ್ನು ನಾನು ನೋಡಿದ್ದು ಇದು ಎರಡನೆಯ ಸಲ.

ಮೊದಲನೆಯದು ಫೆಬ್ರುವರಿಯಲ್ಲಿ, ಅವ್ವನನ್ನು ಮಣ್ಣು ಮಾಡಿದ ಮೂರನೆಯ ದಿನ. ಬಾಳೇಶ ಕಾಕಾನ ಮನೆಯ ಎದುರು ಬೇವಿನ ಮರದ ಕೆಳಗೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದರು. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ಅವರೂ ಬರಲಿಲ್ಲ. ಅವ್ವ ದವಾಖಾನೆಯಲ್ಲಿದ್ದ ಹನ್ನೆರಡು ದಿನಗಳಲ್ಲಿ, ಯಾರಿಂದಲೋ ನಂಬರು ತರಿಸಿ, ನಾಲ್ಕು ಸಲ ನನ್ನಿಂದ ಇವರಿಗೆ ಫೋನ್ ಹಚ್ಚಿಸಿದ್ದಳು. ಮೊದಲೆರಡು ಸಲ ಯಾರೂ ಎತ್ತಲಿಲ್ಲ, ಆಮೇಲೆ ಎರಡು ಸಲ ಬಂದ್. ಅದನ್ನು ಮರೆಯಬಾರದೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ದಾರಿಯಲ್ಲಿ ಎರಡು ಮಾತಾಡಿದರು. "ಉಂಡೀಯೇನು?" ಎಂದು ಒಂದು. ಗೋಕಾಕದ ನಿಲ್ದಾಣದಲ್ಲಿ "ಕರದಂಟ ತಿಂತೀಯೇನು?" ಎಂದು ಇನ್ನೊಂದು. ಎರಡಕ್ಕೂ ಇಲ್ಲ ಎಂದೆ. ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಎಡಗಣ್ಣು ಪೂರ್ತಿ ಬೂದಿಯ ಬಣ್ಣ. ಬಸ್ಸಿನ ಬೋರ್ಡನ್ನು ನಾನೇ ಓದಿ ಹೇಳಬೇಕಾಯಿತು.

ಈ ವಹಿ ಅವ್ವನದು. ಮೊದಲ ಪುಟಗಳಲ್ಲಿ ಓಣಿಯ ಹೆಂಗಸರ ಕುಪ್ಪಸದ ಅಳತೆಗಳಿವೆ, ಮುಂದೆ ಖಾಲಿ. ಇದರ ಜೊತೆ ಅವ್ವನ ದೊಡ್ಡ ಕತ್ತರಿ ತಂದಿದ್ದೇನೆ, ಕೌದಿಯನ್ನೂ ತಂದಿದ್ದೇನೆ. ಅವ್ವ ಒಬ್ಬ ಮಾಲೀಕನಿಗೆ ಶಾಲೆಯ ಅಂಗಿ ಹೊಲಿದು ಕೊಡುತ್ತಿದ್ದಳು. ಸಂಜೆ ಅವನು ಅಂಗಿಗಳನ್ನು ಎರಡು ರಾಶಿ ಮಾಡುತ್ತಿದ್ದ. ಹೊಲಿಗೆ ಸೊಟ್ಟಗಾದವುಗಳ ಮೂಲೆಗೆ ಕತ್ತರಿ ಹಾಕಿ, ಯಾರೂ ಮಾರಬಾರದೆಂದು, ಬೇಡವಾದ ರಾಶಿಗೆ ಎಸೆಯುತ್ತಿದ್ದ. ಅವನ್ನೆಲ್ಲ ಕೂಡಿಸಿ ಅವ್ವ ಈ ಕೌದಿ ಮಾಡಿದಳು. "ಕತ್ತರಿ ಬಿದ್ದದ್ದೆಲ್ಲಾ ನಮ್ಮ ಪಾಲಿಂದು, ದಾಕ್ಷಿ" ಎಂದು ನಗುತ್ತಿದ್ದಳು.

ಏಪ್ರಿಲ್ 9, ಬುಧವಾರ

ಮನೆಯಲ್ಲಿ ಇನ್ನೊಬ್ಬರಿದ್ದಾರೆ. ಉದ್ದವ್ವ, ಅವ್ವನ ಅಪ್ಪನ ತಂಗಿ. ದಿನವಿಡೀ ಕಟ್ಟೆಯ ಮೇಲೆ ಕೂತು ಕುರಿಯ ಉಣ್ಣೆ ನೂಲುತ್ತಾರೆ. ಕೈಗೂ ಬಾಯಿಗೂ ಬಿಡುವಿಲ್ಲ.

ಹಾಸಲು ಕಂಬಳಿ ಕೊಟ್ಟಿದ್ದಾರೆ. ಚುಚ್ಚುತ್ತದೆ, ಕುರಿಯ ವಾಸನೆ. ಮಡಚಿ ಮೂಲೆಗಿಟ್ಟು ಕೌದಿ ಹಾಸಿಕೊಂಡೆ. ಉದ್ದವ್ವ ನೋಡಿದರು.

"ಯಾಕವ್ವಾ, ಕಂಬಳಿ ಕಡಿತೇನು? ನೀವು ಸಂಕೇಶ್ವರದವ್ರು ಅರಳ್ಯಾಗ ಹುಟ್ಟೀರಿ. ನಾವು ಕುರ್ಯಾಗ ಹುಟ್ಟೇವಿ. ನಮ್ಮ ಚರ್ಮಾನಽ ಬ್ಯಾರೆ."

ನಾನು ನಗಲಿಲ್ಲ. "ಅವರು ನಮ್ಮವ್ವನ ಹೆಸರ ಯಾಕ ಹೇಳೂದಿಲ್ಲ?" ಎಂದು ಕೇಳಿದೆ.

ಕದಿರು ನಿಂತಿತು. "ಹದಿನೆಂಟ ವರ್ಷ ಆತು. ಆಕಿ ನಿಮ್ಮಪ್ಪನ ಕೂಡ ಹೋದ ದಿನಾ ಹೇಳ್ಯಾನ, ಈ ಮನ್ಯಾಗ ಆ ಹೆಸರ ತಗೀಬ್ಯಾಡ್ರಿ ಅಂತ. ನಾವೂ ತಗದಿಲ್ಲ, ಅವನೂ ತಗದಿಲ್ಲ." ಕದಿರು ಮತ್ತೆ ತಿರುಗಿತು.

ಜೂನಿನಲ್ಲಿ ಹುಕ್ಕೇರಿಯ ಹಾಸ್ಟೆಲ್ಲಿಗೆ ಹಾಕುತ್ತೇನೆ ಎಂದು ಕಾಕಾ ಹೇಳಿದ್ದಾರೆ. ಅಪ್ಪ ನಾನು ಎರಡನೆಯ ತರಗತಿಯಲ್ಲಿದ್ದಾಗಲೇ ತೀರಿಕೊಂಡರು. ಬೇರೆ ಯಾರೂ ಇಲ್ಲ. ಜೂನ್ ತನಕ ಇಲ್ಲಿರುವುದು. ಅವ್ವನ ಹೆಸರಿಗೆ ಜಾಗವಿಲ್ಲದ ಮನೆಯಲ್ಲಿ ನನಗೂ ಜಾಗ ಬೇಡ.

ಏಪ್ರಿಲ್ 17, ಗುರುವಾರ

ಏನೂ ಇಲ್ಲ. ಬಿಸಿಲು.

ಏಪ್ರಿಲ್ 23, ಬುಧವಾರ

ಬುತ್ತಿ ತೆಗೆದುಕೊಂಡು ಹೋಗು ಎಂದು ಉದ್ದವ್ವ ಮೇಲವಂಕಿಗೆ ಕಳಿಸಿದರು. ಅಲ್ಲಿ ಒಬ್ಬರ ಹೊಲದಲ್ಲಿ ಕುರಿಗಳನ್ನು ತರುಬಿದ್ದಾರೆ. ರಾತ್ರಿ ಕುರಿ ಮಲಗಿದರೆ ಹೊಲಕ್ಕೆ ಹಿಕ್ಕೆಗೊಬ್ಬರ, ಅದಕ್ಕೆ ಹೊಲದವರು ಜೋಳ ಕೊಡುತ್ತಾರೆ. ಹಿಂಡಿನಲ್ಲಿ ಅರ್ಧ ಅವ್ವನ ಅಪ್ಪನವು, ಅರ್ಧ ಲಕ್ಕಪ್ಪನವು. ಲಕ್ಕಪ್ಪ ನಲವತ್ತು ದಾಟಿದ ಮನುಷ್ಯ, ಏಳು ವರ್ಷದಿಂದ ಇವರ ಜೊತೆ ಪಾಲಿಗಿದ್ದಾನೆ. ನನ್ನನ್ನು ದೂರದಿಂದಲೇ ನೋಡಿ ಕೂಗಿದ.

"ಬರ್ರಿ ಬರ್ರಿ! ಸಂಕೇಶ್ವರದ ಸಾಲಿ ಬಾಯಾರು ಬಂದ್ರು. ಏ ಕುರಿಗೋಳ್ರ್ಯಾ, ಎದ್ದ ನಿಂದರ್ರಿ, ಬಾಯಾರಿಗಿ ನಮಸ್ಕಾರ ಅನ್ರಿ!"

ಅವನ ಹೆಂಡತಿ ಸತ್ತೆವ್ವ ಗುಡಿಸಲೊಳಗಿಂದ, "ಮದಲ ನೀ ಸಾಲಿಗಿ ಹೋಗ, ಆಮ್ಯಾಲ ಕುರಿಗಿ ಕಲಸ" ಎಂದಳು.

ಯಾರ ಕುರಿ ಯಾವುದು ಎಂದು ಕಿವಿಯಲ್ಲಿ ಗೊತ್ತಾಗುತ್ತದೆ. ಮರಿ ಇದ್ದಾಗಲೇ ಕತ್ತರಿಸಿ ಗುರುತು ಹಾಕುತ್ತಾರೆ. ಲಕ್ಕಪ್ಪನವಕ್ಕೆ ಎಡಗಿವಿಯ ತುದಿ ಇಲ್ಲ. ಇವರವಕ್ಕೆ ಎಡಗಿವಿಯ ಅಂಚಿನಲ್ಲಿ ಎರಡು ಕಚ್ಚು. ಸಂಜೆ ಅವ್ವನ ಅಪ್ಪ ಕುರಿದೊಡ್ಡಿಯ ಬಾಗಿಲಲ್ಲಿ ಕೂತು ಒಂದೊಂದನ್ನೇ ಒಳಗೆ ಬಿಡುತ್ತ ಎಣಿಸಿದರು. ಕಣ್ಣಿನಿಂದಲ್ಲ, ಬೆರಳಿನಿಂದ. ಕಿವಿ ಸವರುವುದು, ಬಿಡುವುದು. ಕೆಲವು ಕುರಿಗಳ ಬಲಗಿವಿಯಲ್ಲೂ ಒಂದು ಕಚ್ಚು ಇದೆ. ಅವು ಕೈಗೆ ಸಿಕ್ಕಾಗ ಆ ಕಡೆ ನೂಕಿ ಬೇರೆ ಎಣಿಸಿದರು. ಹನ್ನೊಂದು. ಹೊಲಿಗೆಯ ಮಾಲೀಕನ ಎರಡು ರಾಶಿ ನೆನಪಾಯಿತು.

"ಅವು ಯಾಕ ಬ್ಯಾರೆ?" ಎಂದು ಲಕ್ಕಪ್ಪನನ್ನು ಕೇಳಿದೆ.

"ಅದು ನಿಮ್ಮ ಮುತ್ಯಾನ ಕಾಯ್ದೆ. ಕೇಳಿದ್ರ ಬೈತಾನ. ಬೈಸ್ಕೋಳೂದು ನನಗ ಮನ್ಯಾಗಽ ರಗಡ ಐತಿ."

ಏಪ್ರಿಲ್ 30, ಬುಧವಾರ

ಹಂಗಾಮು ತಪ್ಪಿ ಒಂದು ಮುದಿ ಕುರಿ ಈದಿದೆ. ಹೆಣ್ಣು ಮರಿ. ತಾಯಿಗೆ ಹಾಲಿಲ್ಲ. ಅವ್ವನ ಅಪ್ಪ ಮರಿಯನ್ನು ಕಂಬಳಿಯ ಜೋಳಿಗೆಯಲ್ಲಿ ಹಾಕಿಕೊಂಡು ಮನೆಗೆ ತಂದರು. ನನ್ನ ಮುಂದೆ ಇಳಿಸಿ, "ಇದಕ ಆಡಿನ ಹಾಲ ಕುಡಸು" ಎಂದರು. ನನಗೆ ಬರುವುದಿಲ್ಲ ಎಂದೆ. "ಅದಕ ಬರತೈತಿ" ಎಂದು ಹೋದರು.

ಬಾಟಲಿಯ ಬಾಯಿಗೆ ಅರಿವೆ ಕಟ್ಟಿ ಕುಡಿಸಿದೆ. ಅರ್ಧ ನನ್ನ ಮೈಮೇಲೆ ಚೆಲ್ಲಿತು. ಹಾಲು ಮುಗಿದ ಮೇಲೆ ಬೆರಳು ಚೀಪಿತು. ನಾಲಿಗೆ ಒರಟು.

ಮೇ 2, ಶುಕ್ರವಾರ

ಹತ್ತನೆಯ ತರಗತಿಯ ಫಲಿತಾಂಶ ಬಂತು. ನೂರಕ್ಕೆ ಅರವತ್ತೊಂದು. ಗಣಿತದಲ್ಲಿ ಮೂವತ್ತಾರು. ಆ ಪರೀಕ್ಷೆಯಲ್ಲಿ ನಾನು ಏನು ಬರೆದೆ ಎಂಬುದೇ ನೆನಪಿಲ್ಲ. ಅವ್ವನಿಗೆ ಹೇಳಬೇಕು ಎಂದು ಎದ್ದು ನಿಂತಿದ್ದೆ. ಆಮೇಲೆ ಕೂತೆ.

ಸಂಜೆ ಅವರು "ಪಾಸೇನು?" ಎಂದರು. ಹೂಂ ಎಂದೆ.

ಮೇ 5, ಸೋಮವಾರ

ಅವರು ಗೋಕಾಕಕ್ಕೆ ಕಣ್ಣು ತೋರಿಸಲು ಹೋಗಿದ್ದರು. ಬಲಗಣ್ಣಿನ ಪೊರೆ ಮೊದಲು ತೆಗೆಯುತ್ತಾರಂತೆ, ಇನ್ನೆರಡು ವಾರಕ್ಕೆ. ಬರುವಾಗ ಕರದಂಟು ತಂದು ಗೂಡಿನಲ್ಲಿ ಇಟ್ಟಿದ್ದಾರೆ, ಯಾರಿಗೆ ಎಂದು ಹೇಳಲಿಲ್ಲ. ಇರುವೆ ಹತ್ತುತ್ತಿತ್ತು, ಅದಕ್ಕೆ ಒಂದು ತಿಂದೆ.

ಮೇ 12, ಸೋಮವಾರ

ಜೋಳ ತುಂಬುವ ಹಗೇವಿನ ಮೇಲಿನ ಗೂಡಿನಲ್ಲಿ ಉಣ್ಣೆಯ ಚೀಲದ ಹಿಂದೆ ಒಂದು ಸಣ್ಣ ಫೋನ್ ಸಿಕ್ಕಿತು. ಸತ್ತು ಹೋಗಿತ್ತು. ಇದು ಯಾರದು ಎಂದೆ.

"ಹೊಳೆಪ್ಪಂದು. ಹೋದ ವರ್ಷ ಯಾರೋ ಕೊಡಿಸಿದ್ರು. ಫೆಬ್ರುವರ್ಯಾಗ ಅವ ಕುರಿ ಹೊಡಕೊಂಡ ಹುಕ್ಕೇರಿ ಕಡೆ ಹೋಗಿದ್ದ, ಇದನ್ನ ಇಲ್ಲೇ ಇಟ್ಟ. ಒದರತಿತ್ತು ಒದರತಿತ್ತು, ಆಮ್ಯಾಲ ಒದರೂದು ಬಿಟ್ಟತು." ಉದ್ದವ್ವ ನನ್ನ ಮುಖ ನೋಡಿದರು. "ಯಾಕವ್ವಾ?"

ಏನಿಲ್ಲ ಎಂದೆ. ಫೆಬ್ರುವರಿಯಲ್ಲಿ ಮುತ್ಯಾ ಹುಕ್ಕೇರಿಯ ಹತ್ತಿರ ಇದ್ದರು. ಹುಕ್ಕೇರಿಯಿಂದ ಸಂಕೇಶ್ವರಕ್ಕೆ ಎಷ್ಟು ದೂರ, ಒಂದು ಬಸ್ಸು.

ಫೋನನ್ನು ಚಾರ್ಜಿಗೆ ಹಾಕಿದ್ದೇನೆ.

ಮೇ 19, ಸೋಮವಾರ

ನಾಳೆ ಮುತ್ಯಾನ ಕಣ್ಣಿನ ಆಪರೇಷನ್. ಉದ್ದವ್ವ ಜೊತೆಗೆ ಹೋಗುತ್ತಾರೆ. ನಾಲ್ಕು ದಿನ ನಾನು ಮೇಲವಂಕಿಯ ಹೊಲದಲ್ಲಿ ಸತ್ತೆವ್ವನ ಜೊತೆ ಇರುವುದು. ಮರಿಯನ್ನೂ ತಂದಿದ್ದೇನೆ. ಬುಟ್ಟಿ ಮುಚ್ಚಿಟ್ಟರೆ ಒದರುತ್ತದೆ, ಬಿಟ್ಟರೆ ನನ್ನ ಹಿಂದೆ ಬರುತ್ತದೆ. ತಾಯಿ ಕುರಿ ಬಂದು ಮೂಸಿ ನಿಲ್ಲುತ್ತದೆ, ಕುಡಿಸಲು ಏನೂ ಇಲ್ಲ.

ಹೋಗುವಾಗ ಮುತ್ಯಾ ಲಕ್ಕಪ್ಪನಿಗೆ ಹೇಳಿದರು: "ಮೂಡಲಗಿ ದಲಾಲ ಬಂದ್ರ ನಿಂದರ ಅನ್ನು. ಹತ್ತ ಹನ್ನೊಂದ ಕುರಿ ಕೊಡೂದೈತಿ. ನಾ ಬಂದ ಮ್ಯಾಲ ಬ್ಯಾಡಾದವ ಆರಿಸಿ ಕೊಡತೇನಿ."

ಮೇ 22, ಗುರುವಾರ

ಮಧ್ಯಾಹ್ನ ದಲಾಲ ಗಾಡಿ ತಂದ. ನಾಳೆ ನಾಡಿದ್ದು ಮಳೆ ಹಿಡಿದರೆ ಈ ಹೊಲಕ್ಕೆ ಗಾಡಿ ಬರುವುದಿಲ್ಲ, ಈಗಲೇ ಕೊಡಿ ಎಂದು ಕೂತ. ಲಕ್ಕಪ್ಪ ಕೈ ಎತ್ತಿಬಿಟ್ಟ.

"ಮುತ್ಯಾನ ಕುರಿ ನಾ ಮುಟ್ಟಾಂವಲ್ಲ. ಅವನ ಮೊಮ್ಮಗಳು ಇಲ್ಲೇ ಅದಾಳ, ಆಕಿನ್ನ ಕೇಳು."

ಮುತ್ಯಾ ಜೊತೆಗೆ ಒಯ್ದಿದ್ದ ಫೋನಿಗೆ ಹಚ್ಚಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಉದ್ದವ್ವನಿಗೆ ಎತ್ತಲು ಬರುವುದಿಲ್ಲ. ಮೂರು ಸಲ ಹಚ್ಚಿದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದವರು ಈ ಧೂಳಿನಲ್ಲಿ ಕೂತು ಕುರಿ ಆರಿಸಬೇಕೇ ಎನಿಸಿತು. ಬೇಡವಾದವು ಯಾವುವು ಎಂದು ನನಗೆ ಗೊತ್ತಿತ್ತಲ್ಲ. ಬಲಗಿವಿ ಸವರಿ ಹನ್ನೊಂದನ್ನೂ ಹೊರಗೆ ಬಿಟ್ಟೆ. ಮುತ್ಯಾನ ಹಾಗೆಯೇ, ಬೆರಳಿನಿಂದ.

ದಲಾಲ ನೋಡಿ, "ಬ್ಯಾಡಾದವ ಕೊಡತೇನಿ ಅಂದಿದ್ದ, ಇವ ಛಲೋ ಅದಾವಲಾ?" ಎಂದ.

"ಗುರುತ ಹಾಕಿ ಇಟ್ಟಾರ್ರಿ" ಎಂದೆ.

ಅವುಗಳಲ್ಲೇ ಇದ್ದ ಮರಿಯ ತಾಯಿ, ಆ ಮುದಿ ಕುರಿ, ಗಾಡಿಯ ಹಲಗೆ ಹತ್ತಲಿಲ್ಲ. ಹಿಂದಿನಿಂದ ನಾನೇ ನೂಕಿದೆ. ಮರಿ ಸ್ವಲ್ಪ ಹೊತ್ತು ಒದರಿತು, ಹಾಲು ಕುಡಿಸಿದ ಮೇಲೆ ಸುಮ್ಮನಾಯಿತು.

ಬಹಳ ದಿನಗಳ ಮೇಲೆ ಒಂದು ಕೆಲಸ ಸರಿಯಾಗಿ ಮಾಡಿದೆ ಎನಿಸುತ್ತಿದೆ.

ಮೇ 24, ಶನಿವಾರ

ಮುತ್ಯಾ ಬಂದರು. ಬಲಗಣ್ಣಿನ ಮೇಲೆ ಹಸಿರು ಬಟ್ಟೆ. ಸೀದಾ ಮನೆಗೆ ಹೋಗಬೇಕಾದವರು ಹೊಲಕ್ಕೇ ಬಂದಿದ್ದಾರೆ. ಲಕ್ಕಪ್ಪ ದಲಾಲನ ಸುದ್ದಿ ಹೇಳಿದ. "ಬಾಯಾರು ಭಾಳ ಶಾಣ್ಯಾ ಅದಾರು, ಎಲ್ಲಾ ತಾವಽ ಆರಿಸಿ ಕೊಟ್ರು" ಎಂದ. ಮುತ್ಯಾ ಆಗಲಿ ಎಂದರು. ಹೊತ್ತು ಮುಳುಗುವಾಗ ಬಾಗಿಲಲ್ಲಿ ಕೂತು ಎಣಿಸತೊಡಗಿದರು. ನಾನು ಪಕ್ಕದಲ್ಲೇ ಇದ್ದೆ.

ಎಲ್ಲವೂ ಒಳಗೆ ಹೋದವು. ಅವರು ಏಳಲಿಲ್ಲ. ಕೈ ಇನ್ನೂ ಮುಂದೆ ಚಾಚಿಯೇ ಇತ್ತು.

"ವಿಜ್ಜಿ ಕುರಿ ಎಲ್ಲೆ ಅದಾವು?"

ನನಗೆ ತಿಳಿಯಲಿಲ್ಲ. ವಿಜ್ಜಿ ಎಂದು ಯಾರನ್ನೂ ಕರೆದದ್ದನ್ನು ನಾನು ಕೇಳಿಲ್ಲ. ಆಮೇಲೆ ತಿಳಿಯಿತು. ಅವ್ವನ ಹೆಸರು ವಿಜಯಲಕ್ಷ್ಮಿ.

"ಬಲಗಿವಿಗಿ ಗುರುತ ಇದ್ದುವು. ಎಲ್ಲೆ ಅದಾವಲೇ ಲಕ್ಕಪ್ಪಾ?"

ಲಕ್ಕಪ್ಪ ನನ್ನ ಕಡೆ ನೋಡಿದ. "ನಂದೂ ತಪ್ಪ ಐತಿ ಮುತ್ಯಾ, ನಾ ನಿಂದರಸಬೇಕಾಗಿತ್ತು..."

"ನಾನಽ ಕೊಟ್ನಿ" ಎಂದೆ. "ಬ್ಯಾಡಾದವು ಅಂತ ತಿಳಕೊಂಡ್ನಿ. ಅದಕ್ಕಽ ಗುರುತ ಹಾಕೀರಿ ಅಂತ."

ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. ಕೈಯನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡರು.

"ನಾ ಹೇಳಿರಲಿಲ್ಲ" ಎಂದರು. ಮತ್ತೊಮ್ಮೆ ಅದನ್ನೇ ಹೇಳಿದರು. ಎರಡನೆಯ ಸಲ ಹೇಳಿದ್ದು ನನಗಲ್ಲ.

ಮೇ 25, ಭಾನುವಾರ

ಬೆಳಕು ಹರಿಯುವ ಮೊದಲೇ ಮುತ್ಯಾ ಮೂಡಲಗಿಗೆ ಹೋದರು. ಧೂಳಿನಲ್ಲಿ ಅಡ್ಡಾಡಬೇಡ ಎಂದು ಡಾಕ್ಟರು ಹೇಳಿದ್ದರು, ಲಕ್ಕಪ್ಪ ಅಡ್ಡ ನಿಂತ, ಕೇಳಲಿಲ್ಲ. ಸಂಜೆ ಬಂದರು. ಗಾಳಿ ಬಿರುಸಾಗಿತ್ತು, ಹುಬ್ಬಿನಲ್ಲೆಲ್ಲ ಮಣ್ಣು. ಕಣ್ಣಿನ ಹಸಿರು ಬಟ್ಟೆ ಕೆಂಪು ಮಣ್ಣಿನ ಬಣ್ಣವಾಗಿತ್ತು.

ಗಾಡಿ ಗುರುವಾರವೇ ಘಟ್ಟ ಇಳಿದು ಗೋವಾಕ್ಕೆ ಹೋಗಿದೆ. ಶುಕ್ರವಾರ ಬೆಳಿಗ್ಗೆಯ ಹೊತ್ತಿಗೆ ಕಡಿದಿರುತ್ತಾರೆ.

ಮೇ 26, ಸೋಮವಾರ

ಮಮದಾಪುರಕ್ಕೆ ಬಂದೆವು. ಉದ್ದವ್ವ ಕೇಳದೆಯೇ ಹೇಳಿದರು. ಈ ಮನೆಯಲ್ಲಿ ಹೆಣ್ಣು ಮಗುವಿನ ಮೊದಲ ಕೂದಲು ತೆಗೆಸುವ ಜವಳದ ದಿನ ಒಂದು ಹೆಣ್ಣು ಮರಿಯನ್ನು ಅದರ ಹೆಸರಿಗೆ ಬಿಡುತ್ತಾರೆ. ಬಲಗಿವಿಗೆ ಒಂದು ಕಚ್ಚು ಹೆಚ್ಚು. ಅದಕ್ಕೆ ಹುಟ್ಟಿದ ಹೆಣ್ಣು ಮರಿಗಳೆಲ್ಲ ಅವಳವೇ. ಮದುವೆಯಾಗಿ ಹೋಗುವಾಗ ಹೊಡೆದುಕೊಂಡು ಹೋಗುತ್ತಾಳೆ.

"ನಿಮ್ಮವ್ವ ಬರಗೈಲೆ ಹೋದ್ಲು. ಹೆಸರ ತಗೀಬ್ಯಾಡ್ರಿ ಅಂದಾಂವ, ಗುರುತ ಹಾಕೂದು ಬಿಟ್ಟಿಲ್ಲ ನೋಡು. ನಾ ಒಮ್ಮಿ ಕೇಳಿದ್ನಿ, ಯಾಕೋ ಅಣ್ಣಾ, ಇನ್ನ ಯಾರಿಗಿ ಅಂತ. ಆಕಿ ಬಂದ ಕೇಳಿದ್ರ ಏನ ಹೇಳ್ಲಿ ಅಂದ. ಹದಿನೆಂಟ ವರ್ಷ ಅದನ್ನಽ ಅಂದ."

ಮೇ 27, ಮಂಗಳವಾರ

ಅವ್ವನಿಗೆ ಹನ್ನೊಂದು ಕುರಿ ಇದ್ದವು. ಅದು ಅವ್ವನಿಗೆ ಗೊತ್ತಿರಲಿಲ್ಲ. ಅಪ್ಪ ತನ್ನನ್ನು ಬಿಟ್ಟರು ಎಂದುಕೊಂಡೇ ಹೋದಳು.

ನಾನು ಹಿಂದಿನಿಂದ ನೂಕಿದೆ.

ಮೇ 30, ಶುಕ್ರವಾರ

ಮುತ್ಯಾನ ಕಣ್ಣು ಊದಿಕೊಂಡು ಕೀವು ಬಂತು. ನಿನ್ನೆ ಗೋಕಾಕಕ್ಕೆ ಕರೆದುಕೊಂಡು ಹೋದೆ. ಉದ್ದವ್ವ ಬಂದರೆ ಬಸ್ಸಿನಲ್ಲಿ ವಾಂತಿ ಮಾಡುತ್ತಾರೆ, ಅದಕ್ಕೆ ನಾವಿಬ್ಬರೇ. ಡಾಕ್ಟರು ಬಹಳ ಹೊತ್ತು ನೋಡಿದರು. ಇನ್ನು ಈ ಕಣ್ಣಿಗೆ ಬೆಳಕು ಕತ್ತಲೆ ತಿಳಿದರೆ ಅದೇ ದೊಡ್ಡದು ಎಂದರು. ಎಡಗಣ್ಣಿನ ಮಾತು ಮಳೆಗಾಲ ಮುಗಿದ ಮೇಲೆ. ನನ್ನನ್ನು ಹೊರಗೆ ಕರೆದು, "ನೀವು ಏನಾಗಬೇಕು?" ಎಂದರು. ಮೊಮ್ಮಗಳು ಎಂದೆ.

ಕಣ್ಣಿಗೆ ಔಷಧದ ಹನಿ ದಿನಕ್ಕೆ ಆರು ಸಲ, ಒಂದು ತಿಂಗಳು.

ಬಸ್ಸಿನಲ್ಲಿ ಮುತ್ಯಾನಿಗೆ, "ನನ್ನ ಸಲುವಾಗಿ ಹಿಂಗಾತು" ಎಂದೆ. ಅವರು ಕಿಟಕಿಯ ಕಡೆ ಮುಖ ಮಾಡಿದ್ದರು. "ನಿಮ್ಮವ್ವ ಕಡೀಕ ಏನರ ಅಂದ್ಲೇನು?" ಎಂದು ಕೇಳಿದರು. ನಾಲ್ಕು ಸಲ ಫೋನ್ ಹಚ್ಚಿಸಿದ್ದನ್ನು ಹೇಳಿದೆ. ಹೇಳಬಾರದಿತ್ತೋ ಏನೋ. ಸುಳ್ಳು ಹೇಳಲು ಆಗಲಿಲ್ಲ. ಅಂಕಲಗಿ ದಾರಿಯ ತಿರುವು ದಾಟುವ ತನಕ ಅವರು ಅತ್ತರು. ಪಟ್ಟಿ ತೊಯ್ಯಬಾರದು ಎಂದು ನಾನು ಕೆಳಗೆ ಕರವಸ್ತ್ರ ಹಿಡಿದುಕೊಂಡಿದ್ದೆ.

ಜೂನ್ 1, ಭಾನುವಾರ

ಮಳೆ. ಮರಿ ನಡುಗುತ್ತಿತ್ತು, ಕೌದಿ ಹೊದಿಸಿದೆ. ನನಗೆ ಕಂಬಳಿ ಸಾಕು. ದಲಾಲ ಕೊಟ್ಟ ಹಣದ ಚೀಲ ಗೂಟದ ಮೇಲೆ ಹಾಗೆಯೇ ಇದೆ, ಯಾರೂ ಮುಟ್ಟಿಲ್ಲ.

ಹನಿ ಆರು ಸಲವೂ ಆಯಿತು.

ಜೂನ್ 6, ಶುಕ್ರವಾರ

ಸಂಜೆ ಆರೂವರೆ. ಬೆಳಿಗ್ಗೆ ಮಳೆ ಬಿಟ್ಟಿತ್ತು, ಉದ್ದವ್ವನ ಉಣ್ಣೆಯನ್ನು ಮಾಳಿಗೆಯ ಮೇಲೆ ಹರವಿದೆ. ಮಧ್ಯಾಹ್ನ ಬಾಳೇಶ ಕಾಕಾ ಫೋನ್ ಮಾಡಿದ್ದರು. ಹುಕ್ಕೇರಿಯ ಹಾಸ್ಟೆಲ್ಲಿನಲ್ಲಿ ಜಾಗ ಸಿಕ್ಕಿದೆ, ಸೋಮವಾರ ಬರುತ್ತೇನೆ, ಸಾಮಾನು ಕಟ್ಟಿಡು ಎಂದರು.

"ಮರಿ ಇನ್ನೂ ಹಾಲ ಬಿಟ್ಟಿಲ್ಲ ಕಾಕಾ" ಎಂದೆ.

"ಏನು? ಯಾವ ಮರಿ?" ಎಂದರು.

ಹನಿ ಹಾಕುವ ಹೊತ್ತಾಗಿತ್ತು, ಇಟ್ಟುಬಿಟ್ಟೆ.

ಮುತ್ಯಾ ಕಟ್ಟೆಯ ಮೇಲೆ ಕೂತಿದ್ದರು. ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿಕೊಂಡೇ ಮರಿಯನ್ನು ತಮ್ಮ ಕಡೆ ಎಳೆದುಕೊಂಡು ಕಿವಿ ಸವರಿದರು. ಎರಡೂ ಕಿವಿ ನುಣ್ಣಗಿದ್ದವು.

"ಇದಕ ಗುರುತ ಆಗಿಲ್ಲ."

"ಯಾರೂ ಹಾಕಿಲ್ಲ."

"ಆ ಮುದಿ ಕುರೀದಲಾ ಇದು?"

"ಹೂಂ."

ಬಲಗಿವಿಯನ್ನು ಬೆರಳಲ್ಲಿ ಹಿಡಿದುಕೊಂಡರು. "ನನಗ ಕಾಣೂದಿಲ್ಲ. ನೀನಽ ಹಾಕಬೇಕು. ಬ್ಲೇಡ ಜಂಗ ತಿಂದೈತಿ."

"ಕತ್ತರಿ ಐತಿ" ಎಂದೆ.

ಒಳಗೆ ಹೋಗಿ ಅವ್ವನ ಕತ್ತರಿ ತಂದು ಅವರ ಕೈಗೆ ಕೊಟ್ಟೆ. ಹಿಡಿಕೆಗೆ ಅವ್ವ ಸುತ್ತಿದ್ದ ಅರಿವೆಯನ್ನು ಮುಟ್ಟಿ ನೋಡಿದರು. ಅಲಗನ್ನು ಮುಟ್ಟಿ ನೋಡಿದರು. ಹರಿತವಾಗಿದೆ, ರಕ್ತ ಬಹಳ ಬರುವುದಿಲ್ಲ, ಅರಿಷಿಣ ತಯಾರು ಇಟ್ಟುಕೋ ಎಂದರು. ಮರಿಗೆ ನೋಯುತ್ತದೆಯೇ ಎಂದು ಕೇಳಿದೆ. ನೋಯುತ್ತದೆ ಎಂದರು.

ಅರಿಷಿಣ ಕಲಸಿ ಬಟ್ಟಲು ಮುಚ್ಚಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಹಾಲು ಕುಡಿಸುವ ಮೊದಲು ಕತ್ತರಿಸಬೇಕು. ಮುತ್ಯಾ ಹಿಡಿದುಕೊಳ್ಳುತ್ತಾರೆ. ಎಡಕ್ಕೆ ಎರಡು, ಬಲಕ್ಕೆ ಒಂದು.